ನಾಲ್ಕು ಸಾವು ಅಂತ ಬರೆದವರಾರು?

ಹೊಸ ಚಿಕಿತ್ಸೆ ಮೇಲೋ ಹಳೆಯದು ಮೇಲೋ ಎಂದು ತಿಳಿಯಲು ವೈದ್ಯರು ಚೀಟಿ ಎತ್ತಿ ರೋಗಿಗಳನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲಿನಲ್ಲಿ ಸಾಲುಸಾಲು ಹೆಣ ಬಿದ್ದರೂ ಚೀಟಿ ಮಾತ್ರ ಅರ್ಧಕ್ಕರ್ಧ! 1933ರಲ್ಲೇ ವಿಲಿಯಂ ಥಾಂಪ್ಸನ್ ಬೇರೆ ದಾರಿ ತೋರಿಸಿದ್ದ: ಗೆಲ್ಲುತ್ತಿರುವ ಚಿಕಿತ್ಸೆಯ ಕಡೆಗೆ ಮುಂದಿನವರನ್ನು ಹೆಚ್ಚುಹೆಚ್ಚಾಗಿ ಕಳಿಸಿ. ಸತ್ತವನ ಸಾವು ಮುಂದಿನವನನ್ನಾದರೂ ಉಳಿಸಲಿ. ಈ ಗಣಿತ ನಮ್ಮದು ಅಂತ ನಾವು ಹೇಳುತ್ತೇವೆ.

ಆದರೆ ಗಣಿತ ಯಾರ ಕೈಲಿದೆ?

ಅಮೆರಿಕದ ಮಿಷಿಗನ್‌ನಲ್ಲಿ ಉಸಿರಾಡಲಾಗದ ಹಸುಗೂಸುಗಳ ಮೇಲೆ ಎಕ್ಮೊ ಯಂತ್ರದ ಪರೀಕ್ಷೆ ನಡೆಯಿತು. ಮೈಯ ಹೊರಗೇ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ ಅದು. ಗೆದ್ದ ಚಿಕಿತ್ಸೆಗೆ ಚೀಟಿ ಹೆಚ್ಚಿಸುವ ಪದ್ಧತಿ. 1985ರಲ್ಲಿ ಫಲಿತಾಂಶ ಬಂತು: ಯಂತ್ರಕ್ಕೆ ಹಾಕಿದ 11 ಕೂಸೂ ಬದುಕಿದವು. ಹಳೆಯ ಚಿಕಿತ್ಸೆ ಸಿಕ್ಕಿದ್ದು ಒಂದೇ ಕೂಸಿಗೆ, ಅದು ಸತ್ತಿತು. 'ಒಂದು ಕೂಸಿನಿಂದ ಏನು ಸಾಬೀತಾಯ್ತು?' ಅಂದರು ಪಂಡಿತರು. ಪ್ರಶ್ನೆ ಸುಳ್ಳಲ್ಲ, ಒಪ್ಪೋಣ.

ಆಮೇಲೆ ಬಾಸ್ಟನ್ನಿನಲ್ಲಿ ಮತ್ತೆ ಪರೀಕ್ಷೆ. ಅಲ್ಲಿ ನಿಯಮ ಮೊದಲೇ ಬರೆದಿಟ್ಟಿದ್ದರು: ಒಂದು ಪಾಲಿನಲ್ಲಿ ನಾಲ್ಕು ಸಾವಾಗುವ ತನಕ ಚೀಟಿ, ಆಮೇಲೆ ಎಲ್ಲರಿಗೂ ಗೆದ್ದ ಚಿಕಿತ್ಸೆ. ಹಳೆಯ ಚಿಕಿತ್ಸೆಯ 10 ಕೂಸುಗಳಲ್ಲಿ ನಾಲ್ಕು ಸತ್ತವು. ಯಂತ್ರದ 9ಕ್ಕೆ 9 ಉಳಿದವು. ಚೀಟಿ ನಿಂತ ಮೇಲೆ ಯಂತ್ರಕ್ಕೆ ಹಾಕಿದ 20ರಲ್ಲಿ 19 ಬದುಕಿದವು. 1989ರಲ್ಲಿ ಇದೆಲ್ಲ ಅಚ್ಚಾಯಿತು.

ಸ್ವಾಮಿ, ಮೂರಲ್ಲ, ಐದಲ್ಲ, ನಾಲ್ಕೇ ಯಾಕೆ? ಲೆಕ್ಕದಲ್ಲಿ ಅದಕ್ಕೆ ಕಾರಣ ಇರಬಹುದು. ಆದರೆ ಆ ಲೆಕ್ಕ ಹಾಕಿದ ಮೇಜಿನ ಸುತ್ತ ಹೆತ್ತವಳಿಗೆ ಜಾಗ ಇತ್ತೇ? ಯಂತ್ರಕ್ಕೆ ಹಾಕುವ ಕೂಸಿನ ಹೆತ್ತವರನ್ನಷ್ಟೇ ಒಪ್ಪಿಗೆ ಕೇಳಿದರು. ಹಳೆಯ ಚಿಕಿತ್ಸೆಯ ಪಾಲಿಗೆ ಬಿದ್ದ ಹತ್ತು ಕೂಸುಗಳ ಹೆತ್ತವರನ್ನು ಕೇಳಲೇ ಇಲ್ಲ! ಕೇಳಿದರೆ ಅವರೂ ಯಂತ್ರವೇ ಬೇಕು ಅಂದಾರು ಎಂಬ ಭಯವೇ? ಹಾಗಾದರೆ ಅವರ ಅಜ್ಞಾನವೇ ನಿಮ್ಮ ವಿಜ್ಞಾನದ ತಳಪಾಯವೇ?

ಅದೂ ಸಾಲದೆ ಬ್ರಿಟನ್ನಿನಲ್ಲಿ ಮತ್ತೆ ಅರ್ಧಕ್ಕರ್ಧ ಚೀಟಿ. 1996ರ ವರದಿ: ಯಂತ್ರದ ಪಾಲಿನ 93ರಲ್ಲಿ 30 ಸಾವು, ಇನ್ನೊಂದು ಪಾಲಿನ 92ರಲ್ಲಿ 54 ಸಾವು. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.

ನಾವು ಪರೀಕ್ಷೆಯ ವೈರಿಗಳಲ್ಲ. ಪರೀಕ್ಷಿಸದ ಮದ್ದು ಬಡವನನ್ನೇ ಮೊದಲು ಕೊಲ್ಲುತ್ತದೆ. ನಾವು ಕೇಳೋದು ಇಷ್ಟೇ: ಚೀಟಿ ಯಾವಾಗ ವಾಲಬೇಕು, ಎಷ್ಟು ಸಾವಿಗೆ ನಿಲ್ಲಬೇಕು ಅನ್ನೋದನ್ನು ಪರೀಕ್ಷೆಗೆ ಮೈಯೊಡ್ಡುವವರ ಮುಂದಿಡಿ, ಅವರಿಗೆ ತಿಳಿಯೋ ಮಾತಲ್ಲಿ. ನಾಲ್ಕು ಅಂತ ಬರೆಯೋ ಮುಂಚೆ, ಆ ನಾಲ್ಕರಲ್ಲಿ ಒಂದಾಗಬಹುದಾದ ಕೂಸಿನ ತಾಯನ್ನು ಕೇಳಿ.