ಕ್ಷಯ ವಾರ್ಡಿನ ನರ್ಸ್‌ಗಳಿಗೂ ರಕ್ಷಣೆ ಬೇಕು



ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಅವರಿಗೆ ಔಷಧ ಉಚಿತ; ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರಲ್ಲಿ 1,000ಕ್ಕೆ ಏರಿಸಿದ್ದೂ ಒಳ್ಳೆಯ ಕೆಲಸ. ಆದರೆ ಇವರ ಆರೈಕೆ ಮಾಡುವ ನರ್ಸ್‌ಗಳ ಸುರಕ್ಷತೆಯ ಬಗ್ಗೆ ಚರ್ಚೆ ಆಗುತ್ತಿಲ್ಲ.

ನಾನೂ ಒಬ್ಬ ಶುಶ್ರೂಷಾಧಿಕಾರಿ. ಕಫದ ಡಬ್ಬಿ ಕೈಗೆ ಕೊಟ್ಟು, 'ಉಸಿರು ಎಳೆದುಕೊಂಡು ಜೋರಾಗಿ ಕೆಮ್ಮಿ' ಎಂದು ರೋಗಿಗೆ ಹೇಳಿಕೊಡುವವರು ನಾವು. ಕ್ಷಯ ಗಾಳಿಯಲ್ಲಿ ಹರಡುವ ರೋಗವಾದ್ದರಿಂದ ಈ ಕೆಲಸ ಬಯಲಲ್ಲಿ ಆಗಬೇಕು. ನಾನು ದುಡಿದ ಕಡೆ ಅದು ಕಿಟಕಿ ಮುಚ್ಚಿದ ವಾರ್ಡಿನ ಮೂಲೆಯಲ್ಲೇ ನಡೆಯುತ್ತಿತ್ತು. ಸರ್ಜಿಕಲ್ ಮಾಸ್ಕ್ ಹಾಕಬೇಕಾದ್ದು ರೋಗಿ. ನರ್ಸ್‌ಗೆ ಬೇಕಾದ್ದು ಎನ್–95. ನಮಗೆ ಸಿಗುತ್ತಿದ್ದುದು ಸರ್ಜಿಕಲ್ ಮಾಸ್ಕ್ ಮಾತ್ರ.

ಸಹೋದ್ಯೋಗಿಯೊಬ್ಬರಿಗೆ ಸೋಂಕು ತಗುಲಿದಾಗ ಮನೆ ಮಾಲೀಕರು ಮನೆ ಖಾಲಿ ಮಾಡಿಸಿದರು. ತಟ್ಟೆ ಲೋಟದಿಂದಾಗಲಿ, ಕೈ ಕುಲುಕುವುದರಿಂದಾಗಲಿ ಕ್ಷಯ ಬರುವುದಿಲ್ಲ. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಂದ ರೋಗ ಹರಡುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ. ಆದರೆ ಮೈ ಸುಧಾರಿಸಿತೆಂದು ಮಾತ್ರೆಯನ್ನು ನಡುವೆಯೇ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯಬಹುದು. ಜನ ದೂರವಿಟ್ಟಷ್ಟೂ ರೋಗಿ ಕಾಯಿಲೆಯನ್ನು ಮುಚ್ಚಿಡುತ್ತಾನೆ, ಚಿಕಿತ್ಸೆ ತಡವಾಗುತ್ತದೆ.

ಪ್ರತಿ ಪಾಳಿಗೆ ಸಾಕಷ್ಟು ಎನ್–95, ಗಾಳಿಯಾಡುವ ವಾರ್ಡು, ಕಫ ಸಂಗ್ರಹಕ್ಕೆ ಹೊರಾಂಗಣ ಜಾಗ, ನರ್ಸ್‌ಗಳಿಗೆ ಕಾಲಕಾಲಕ್ಕೆ ತಪಾಸಣೆ, ಸೋಂಕು ತಗುಲಿದರೆ ಸಂಬಳ ಸಹಿತ ರಜೆ, ಇವು ಗುತ್ತಿಗೆ ನೌಕರರಿಗೂ ಸಿಗಬೇಕು. ಆರೋಗ್ಯ ಇಲಾಖೆ ಇವನ್ನು ಕೂಡಲೇ ಜಾರಿಗೆ ತರಬೇಕೆಂದು ಒತ್ತಾಯಿಸುತ್ತೇನೆ.

– ಒಬ್ಬ ಶುಶ್ರೂಷಾಧಿಕಾರಿ, ಹಾವೇರಿ ಜಿಲ್ಲೆ