ಕಾಲಿಗೆ ಪ್ಲಾಸ್ಟರ್, ಮೀನಿಗೆ ಉಪವಾಸ

ಕಾಲು ಮುರಿದುಕೊಂಡವರ ಮನೆಯಲ್ಲಿ ಮೀನು ಸಾಯೋದು ಹಸಿವಿನಿಂದ ಅಲ್ಲ, ನೋಡೋಕೆ ಬಂದವರ ಪ್ರೀತಿಯಿಂದ. ಕಡೂರಿನ ಅತ್ತೆ, ತರೀಕೆರೆಯ ಚಿಕ್ಕಪ್ಪ, ಬಂದವರೆಲ್ಲ "ಪಾಪ, ಹಸಿದಿರ್ತಾವೆ ಕಣೋ" ಅಂತ ಚಿಟಿಕೆ ಚಿಟಿಕೆ ಫುಡ್ ಹಾಕ್ತಾರೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತೆ. ಮೀನಿಗೆ ಅದು ವಿಷ. ಅದಕ್ಕೇ ಅಜ್ಜಂಪುರದ ನಮ್ಮ ಮನೆಯಲ್ಲಿ ಫುಡ್ ಡಬ್ಬಿ ಈಗ ನನ್ನ ದಿಂಬಿನ ಪಕ್ಕ. ದಿನಕ್ಕೊಮ್ಮೆ, 2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ವಾರಕ್ಕೊಂದು ಉಪವಾಸ. ಬೆಳೆದ, ಆರೋಗ್ಯವಾಗಿರುವ ಗೋಲ್ಡ್‌ಫಿಶ್‌ಗೆ ಅದರಿಂದ ಏನೂ ಆಗಲ್ಲ.

ನಿಜವಾದ ಕಷ್ಟ ನೀರು ಬದಲಿಸೋದು. 10 ಲೀಟರ್ ಬಕೆಟ್ ಅಂದ್ರೆ 10 ಕೆಜಿ. ಎರಡೂ ಕಂಕುಳಲ್ಲಿ ಊರುಗೋಲು ಇರುವವನು ಎತ್ತೋದು ಹೇಗೆ? ಟೈಲ್ಸ್ ಮೇಲೆ ನಾಲ್ಕು ಹನಿ ಚೆಲ್ಲಿದರೆ ಇನ್ನೊಂದು ಕಾಲೂ ಹೋಯ್ತು. ಉದ್ದದ ಪೈಪ್ ತರಿಸಿದೆ. ಕುರ್ಚಿಯಲ್ಲಿ ಕೂತು, ನೀರು ತುಂಬಿದ ಪೈಪಿನ ಒಂದು ತುದಿ ತೊಟ್ಟಿಯ ತಳಕ್ಕೆ, ಇನ್ನೊಂದು ಕಿಟಕಿಯಾಚೆ ದಾಸವಾಳದ ಬುಡಕ್ಕೆ. ಹೊರಗಿನ ತುದಿ ತಗ್ಗಿನಲ್ಲಿದ್ದರೆ ನೀರು ತಾನೇ ಇಳಿಯುತ್ತೆ, ಕಸವನ್ನೂ ಎಳೆದೊಯ್ಯುತ್ತೆ. ಕಾಲು ಭಾಗ ಸಾಕು (ಇದು ಬೇರೆ ಕಾಲು!). ಹಿಂದಿನ ದಿನವೇ ಹಿಡಿದು ತೆರೆದಿಟ್ಟ ನೀರನ್ನು ತಮ್ಮ ಮಗ್‌ನಲ್ಲಿ ನಿಧಾನಕ್ಕೆ ಹಾಕ್ತಾನೆ.

ಫಿಲ್ಟರ್ ಸ್ಪಂಜನ್ನು ಮಾತ್ರ ಅವನ ಕೈಗೆ ಕೊಡಲ್ಲ. ನಲ್ಲಿ ಕೆಳಗೆ ಫಳಫಳ ತಿಕ್ಕಿದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾನೂ ಹೋಗಿಬಿಡುತ್ತೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಬೇಕು. ಆ ಕೆಲಸಕ್ಕೆ ಕಾಲು ಬೇಡವಲ್ಲ, ನಾನೇ ಮಾಡ್ತೀನಿ.