ಕೊಯ್ಯುವ ಮೊದಲು ಸ್ಕ್ಯಾನ್

ಅಪಘಾತದಲ್ಲಿ ಸತ್ತವರ ಮನೆಮಂದಿ ಶವಾಗಾರದ ಬಾಗಿಲಲ್ಲಿ ಕೈಮುಗಿದು ಕೇಳುವುದು ಒಂದೇ: ‘ಹೆಣಾ ಕೊಯ್ಯೂದು ಬ್ಯಾಡ್ರಿ ಸಾಹೇಬ್ರ.’ ಹುಬ್ಬಳ್ಳಿ-ಧಾರವಾಡಕ್ಕೆ ಇದು ಹೊಸ ಮಾತಲ್ಲ. ಇಟಿಗಟ್ಟಿ ಬಳಿ ಬೈಪಾಸಿನಲ್ಲಿ 2021ರ ಜನವರಿಯಲ್ಲಿ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಈ ಊರು ಮರೆತಿಲ್ಲ. ಅದೇ ವರ್ಷ ದೆಹಲಿಯ ಏಮ್ಸ್‌ನಲ್ಲಿ ಶವವನ್ನು ಸಿ.ಟಿ. ಸ್ಕ್ಯಾನ್ ಮಾಡಿ ಸಾವಿನ ಕಾರಣ ಹುಡುಕುವ ಕೇಂದ್ರ ಶುರುವಾಯಿತು. ಹಾಗಾದರೆ ಇನ್ನು ಚಾಕು ಬೇಡವೇ?

ಎದೆಯ ಗಾಯಕ್ಕೆ ಬಂದರೆ ಉತ್ತರ ಅಷ್ಟು ಸರಳವಲ್ಲ. ಪಕ್ಕೆಲುಬು ಮುರಿದು ಶ್ವಾಸಕೋಶ ಚುಚ್ಚಿದಾಗ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಂಡು ಹೃದಯವನ್ನೇ ಪಕ್ಕಕ್ಕೆ ಒತ್ತುತ್ತದೆ. ಇದನ್ನು ಹಿಡಿಯಲು ಹಳೆಯ ಕ್ರಮವೊಂದಿದೆ. ಎದೆಯ ಚರ್ಮ ಬಿಡಿಸಿ ಜೇಬಿನಂತೆ ಮಾಡಿ, ನೀರು ತುಂಬಿ, ನೀರಿನಡಿಯಲ್ಲೇ ಪಕ್ಕೆಲುಬುಗಳ ಸಂದಿಗೆ ಚುಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಅವಸರದಲ್ಲಿ ಇದನ್ನು ಬಿಟ್ಟು ಎದೆ ತೆರೆದರೆ ಗಾಳಿ ಹೋಯಿತು, ಸಾಕ್ಷಿಯೂ ಹೋಯಿತು. ಸ್ಕ್ಯಾನ್‌ಗಾದರೋ ಆ ಗಾಳಿ ಕಪ್ಪಗೆ ಎದ್ದು ಕಾಣುತ್ತದೆ. ಬೆನ್ನಿನ ಕಡೆಯ ಎಲುಬು ಮುರಿತ, ಒಳಗುಳಿದ ಗುಂಡಿನ ಚೂರು ಕೂಡ ತಪ್ಪಿಸಿಕೊಳ್ಳಲಾರವು.

ಆದರೆ ರಕ್ತನಾಳದ ವಿಷಯ ಬೇರೆ. ಎದೆಯಲ್ಲಿ ರಕ್ತ ತುಂಬಿದ್ದನ್ನು ಸ್ಕ್ಯಾನ್ ಹೇಳೀತು. ಹರಿದದ್ದು ಮಹಾಧಮನಿಯೋ ಬೇರೆ ನಾಳವೋ ಎಂಬುದನ್ನು ಬಣ್ಣದ ದ್ರವ ಹಾಯಿಸದೆ ಹೇಳುವುದು ಕಷ್ಟ. ಸತ್ತ ಮೇಲೆ ಶ್ವಾಸಕೋಶದ ಕೆಳಭಾಗಕ್ಕೆ ಇಳಿದ ರಕ್ತ ಪೆಟ್ಟಿನಂತೆಯೇ ಕಾಣಬಹುದು. ಬೇಸಿಗೆಯಲ್ಲಿ ಕೊಳೆಯಲು ತೊಡಗಿದ ದೇಹದ ಅನಿಲವಂತೂ ಎಂಥ ಕಣ್ಣಿಗೂ ಮೋಸ ಮಾಡೀತು. ಚಾಲಕನಿಗೆ ಹೃದಯಾಘಾತವಾಗಿ ಗಾಡಿ ಗುದ್ದಿತೋ, ಗುದ್ದಿದ್ದರಿಂದಲೇ ಸತ್ತನೋ? ವಿಮೆಯ ದಾವೆ ನಿಲ್ಲುವುದೇ ಈ ಪ್ರಶ್ನೆಯ ಮೇಲೆ. ಸ್ಕ್ಯಾನ್ ತಡವರಿಸುವುದೂ ಇಲ್ಲೇ. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 182 ಶವಗಳ ಪೈಕಿ ಶೇ. 32ರಲ್ಲಿ ಸಿ.ಟಿ. ಹೇಳಿದ ಕಾರಣಕ್ಕೂ ಕೊಯ್ದು ಕಂಡ ಕಾರಣಕ್ಕೂ ದೊಡ್ಡ ವ್ಯತ್ಯಾಸವಿತ್ತು. ಹೃದಯದ ರಕ್ತನಾಳದ ಕಾಯಿಲೆಯೂ ಹಾಗೆ ತಪ್ಪಿಹೋದವುಗಳಲ್ಲಿ ಒಂದು.

ಆದ್ದರಿಂದ ಕೊಯ್ಯುವುದನ್ನು ತಪ್ಪಿಸಲೆಂದೇ ಸ್ಕ್ಯಾನ್ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಎದೆಗೆ ಪೆಟ್ಟು ಬಿದ್ದ ಪ್ರತಿ ಶವಕ್ಕೂ ಕೊಯ್ಯುವ ಮೊದಲು ಸ್ಕ್ಯಾನ್ ಆಗಲಿ. ರೇಡಿಯಾಲಜಿಯವರು, ವಿಧಿವಿಜ್ಞಾನದವರು ಒಟ್ಟಿಗೆ ಕೂತು ನೋಡಿ, ಎಲ್ಲಿ ಕೊಯ್ಯಬೇಕು, ಎಷ್ಟು ಕೊಯ್ಯಬೇಕು ಎಂದು ಆಮೇಲೆ ನಿರ್ಧರಿಸಲಿ. ಹಗಲು ಯಂತ್ರ ಬದುಕಿರುವವರಿಗೇ ಸಾಲದು, ನಿಜ. ರಾತ್ರಿ ಬಿಡುವಾದ ಹೊತ್ತು ಸಾಕು. 1957ರಿಂದ ಉತ್ತರ ಕರ್ನಾಟಕದ ಗಾಯಾಳುಗಳನ್ನು ನೋಡುತ್ತ ಬಂದ, ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದವಾಖಾನೆಯಲ್ಲಿ ಈ ಕ್ರಮ ನಿತ್ಯದ ರೂಢಿಯಾಗಲಿ. ಮನೆಯವರಿಗೆ ಮಾತ್ರ ಮೊದಲೇ ಹೇಳಿಬಿಡಿ: ಸ್ಕ್ಯಾನ್ ಆದ ಮೇಲೂ ಕೊಯ್ಯಬೇಕಾಗಬಹುದು.